ಗೀರಿಲ್ಲದ ವರ್ಷಗಳು

ತಾಯಿಯ ದಯೆಯಿಂದ ಬದುಕಿದ್ದೇನೆ, ತಾಯಿಯ ದಡದಲ್ಲೇ ಕೂತು ಹೇಳುತ್ತಿದ್ದೇನೆ. ಕೇಳುವವರ ಒಲೆ ಆರದಿರಲಿ.

ನಮ್ಮ ಊರಿಗೆ ಹೆಸರಿಲ್ಲ. ತಾಯಿ ಹರಿಯುವ ಊರು ಅಂದರೆ ಸಾಕು, ಯಾರಾದರೂ ದಾರಿ ತೋರಿಸುತ್ತಾರೆ. ನಮಗೆ ತಾಯಿ ಅಂದರೆ ಹೊಳೆ. ದಡದ ಬಂಡೆಯ ಮೇಲೆ ಅವಳ ಗುಡಿಯಿದೆ. ನಾನು ಅಲ್ಲಿ ದೀಪ ಹಚ್ಚುವವನು. ಗುಡಿಯಿಂದ ನೀರಿಗೆ ಇಳಿಯುವ ಮೆಟ್ಟಿಲುಗಳಿವೆ, ಮೆಟ್ಟಿಲಿನ ಪಕ್ಕದಲ್ಲಿ ದಡದುದ್ದಕ್ಕೂ ಸಾಲುಗಲ್ಲುಗಳಿವೆ.

ಸಾಲುಗಲ್ಲೆಂದರೆ ವರ್ಷಕ್ಕೊಂದು ಕಲ್ಲು. ಆ ವರ್ಷ ತಾಯಿ ಉಕ್ಕಿ ಎಲ್ಲಿಯವರೆಗೆ ಬಂದಳೋ ಅಲ್ಲಿಗೆ ಆ ಕಲ್ಲಿನ ಮೇಲೆ ಒಂದು ಗೀರು ಹಾಕುತ್ತಾರೆ. ಮುಂದಿನ ವರ್ಷಕ್ಕೆ ಮುಂದಿನ ಕಲ್ಲು. ನಮ್ಮ ಅಜ್ಜಂದಿರ ಅಜ್ಜಂದಿರು ನಿಲ್ಲಿಸಿದ ಕಲ್ಲುಗಳೂ ಅಲ್ಲಿವೆ. ದೂರ ನಿಂತು ನೋಡಿದರೆ ಆ ಗೀರುಗಳು ಏರುತ್ತ ಇಳಿಯುತ್ತ, ತಾಯಿ ಕಲ್ಲಿನ ಮೇಲೂ ಹರಿದುಹೋದ ಹಾಗೆ ಕಾಣುತ್ತವೆ. ಅವಳು ನಮ್ಮ ಜೊತೆ ಆಡಿದ ಮಾತು ಅದು. ವರ್ಷಕ್ಕೆ ಒಂದೇ ಮಾತು ಆಡುತ್ತಿದ್ದಳು, ಆದರೆ ತಪ್ಪದೆ ಆಡುತ್ತಿದ್ದಳು.

ಆ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ಒಂದು ಕಟ್ಟಳೆಯಿತ್ತು. ದಡದಲ್ಲಿ ನಿಂತು ಕಣ್ಣಳತೆಯಲ್ಲಿ ತಾಯಿಯನ್ನು ಅಳೆಯಬಾರದು. ಹೆತ್ತವಳನ್ನು ದೂರ ನಿಂತು ಅಳೆಯುವ ಮಕ್ಕಳುಂಟೆ? ಮಳೆಗಾಲದ ದೊಡ್ಡ ನೀರು ಬರುವ ದಿನ ಅಳತೆಗಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೆಟ್ಟಿಲು ಇಳಿಯಬೇಕು. ಎದೆಮಟ್ಟ ನೀರಿನಲ್ಲಿ ನಿಲ್ಲಬೇಕು. ನೀರು ಏರಿದರೆ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ "ಬಂತು" ಎಂದು ಕೂಗಬೇಕು. ಮತ್ತೆ ಏರಿದರೆ ಮತ್ತೆ ಹತ್ತಬೇಕು, ಮತ್ತೆ ಕೂಗಬೇಕು. ಏರುವುದು ನಿಂತಾಗ "ನಿಂತಿತು" ಎಂದು ಕೂಗಬೇಕು. ಬಂಡೆಯ ಮೇಲಿನಿಂದ ಹಗ್ಗ ಹಿಡಿದವರು ಅವನನ್ನು ಎಳೆದುಕೊಳ್ಳುತ್ತಾರೆ. ಕಲ್ಲುಕುಟಿಗ ಅವನನ್ನು ಕೇಳುತ್ತಾನೆ, "ತಾಯಿ ಎಲ್ಲಿಗೆ ಬಂದಳು?" ಅವನು ಕಲ್ಲಿನ ಮೇಲೆ ಅಂಗೈ ಇಡುತ್ತಾನೆ. ಅಲ್ಲಿ ಉಳಿ ಬೀಳುತ್ತದೆ.

ನೀರಿನಲ್ಲಿ ನಿಂತವನು ಬದುಕಿ ಬಂದು ತನ್ನ ಬಾಯಿಂದ ಹೇಳಿದರೆ ಮಾತ್ರ ಗೀರು. ಅವನು ಬರದೇ ಹೋದರೆ ಹೇಳುವ ಬಾಯಿಲ್ಲ, ಬಾಯಿಲ್ಲದ ಮೇಲೆ ಗೀರಿಲ್ಲ. ಆ ವರ್ಷದ ಕಲ್ಲನ್ನು ನುಣ್ಣಗೆ ಹಾಗೆಯೇ ನಿಲ್ಲಿಸುತ್ತಿದ್ದರು. ತಾಯಿ ಮಗನನ್ನು ಮಡಿಲಿಗೆ ಕರೆದುಕೊಂಡು ಮಲಗಿಬಿಟ್ಟಳು ಎನ್ನುತ್ತಿದ್ದರು. ಅಂಥವನ್ನು ಮಲಗಿದ ವರ್ಷಗಳು ಎಂದು ಕರೆಯುತ್ತಿದ್ದರು. ಗೀರಿಲ್ಲದ ನೀರಿನ ಮಾತನ್ನು ಆಮೇಲೆ ಯಾರೂ ಎತ್ತುವಂತಿರಲಿಲ್ಲ. ನೀರು ಇಳಿದ ದಿನವೇ ಊರಿಗೆ ಊರೇ ಮನೆ ತೊಳೆದು ಗೋಡೆಗೆ ಸುಣ್ಣ ಬಳಿಯುತ್ತಿತ್ತು. ನುಣ್ಣಗಿನ ಕಲ್ಲಿಗೆ ಅರಿಶಿನ ಹಚ್ಚಿ ಹೂ ಏರಿಸುತ್ತಿದ್ದರು. ಹೊಸದಾಗಿ ಮದುವೆಯಾದವರು ಅಲ್ಲಿ ಅಡ್ಡಬಿದ್ದು, ನಮ್ಮ ಬಾಳೂ ಇಷ್ಟೇ ತಣ್ಣಗಿರಲಿ ಎಂದು ಬೇಡಿಕೊಳ್ಳುತ್ತಿದ್ದರು.

ನೆಲದ ಕಟ್ಟಳೆಯೂ ಆ ಕಲ್ಲುಗಳದ್ದೇ. ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ಗೀರು ಯಾವುದೋ ಅದರ ಕೆಳಗಿನ ನೆಲ ತಾಯಿಯದು, ಮೇಲಿನದು ನಮ್ಮದು. ಒಬ್ಬ ಆ ಗೀರಿನಿಂದ ಒಂದು ಮೊಳ ಕೆಳಗೆ ಕೊಟ್ಟಿಗೆ ಕಟ್ಟಿದ. ಊರವರು ಹೋಗಿ ಕಂಬಗಳನ್ನು ಕಡಿದು ಕೊಟ್ಟಿಗೆಯನ್ನು ಅವನ ಮೇಲೆಯೇ ಕೆಡವಿದರು. ಒಳಗೆ ಎತ್ತು ಕಟ್ಟಿತ್ತು. ಆ ಎತ್ತಿನ ಆತ್ಮಕ್ಕೆ ನಾನು ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಅವನಿಗೆ ದೀಪ ಹಚ್ಚಲು ಅಪ್ಪಣೆ ಸಿಗಲಿಲ್ಲ.

ಹೀಗಿರುವಾಗ ಊರು ಬೆಳೆಯಿತು. ಹಗ್ಗದ ಯಜಮಾನ ಹಿರಿಯರನ್ನು ಕರೆದುಕೊಂಡು ಸಾಲುಗಲ್ಲಿನ ಉದ್ದಕ್ಕೂ ನಡೆದ. ಊರಿನ ದೊಡ್ಡ ಹಗ್ಗ ಇರುವುದು ಅವನ ಮನೆಯಲ್ಲಿ. ಯಾರು ಹಿಡಿಯಬೇಕು, ಯಾವಾಗ ಬಿಡಬೇಕು ಎನ್ನುವುದು ಅವನ ಮಾತು. ಅವನು ನುಣ್ಣಗಿನ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದ. ನೋಡಿ, ಇತ್ತೀಚೆಗೆ ತಾಯಿ ಎಷ್ಟು ಸಲ ಮಲಗಿದ್ದಾಳೆ, ವಯಸ್ಸಾಗುತ್ತ ಶಾಂತಳಾಗುತ್ತಿದ್ದಾಳೆ ಎಂದ. ಹಿರಿಯರಿಗೆ ಕಣ್ಣಲ್ಲಿ ನೀರು ಬಂತು. ಎತ್ತರದ ಗೀರಿಗೆ ಸರಿಯಾಗಿ ಮೇಲೆ, ಹೊಳೆಗೆ ಮುಖ ಮಾಡಿ, ಹೊಸ ಜೋಡಿಗಳಿಗೆ ನೆಲ ಹಂಚಿದರು. ಅದು ಕೆಳಗೇರಿಯಾಯಿತು. ಒಳ್ಳೆಯ ಮಣ್ಣು, ಕೈಗೆ ಸಿಗುವ ನೀರು. ಎಲ್ಲರಿಗೂ ಅಲ್ಲಿಗೇ ಹೆಣ್ಣು ಕೊಡುವ ಆಸೆ.

ಅಳತೆಗಾರನ ಹೆಂಡತಿಯೂ ಮಗಳನ್ನು ಅಲ್ಲಿಗೇ ಕೊಟ್ಟಳು.

ಅವಳ ಗಂಡ ಕೊನೆಯ ಮಲಗಿದ ವರ್ಷದಲ್ಲಿ ನೀರಿಗೆ ಹೋದವನು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಸುಣ್ಣ ಬಳಿಯುವ ಹಾಗಿಲ್ಲ. ಊರೆಲ್ಲ ಬೆಳ್ಳಗಾದ ದಿನ ಅವಳ ನಡುಗೇರಿಯ ಮನೆಯ ಗೋಡೆ ಮಾತ್ರ ಇದ್ದ ಹಾಗೇ ಉಳಿಯಿತು. ಅಡುಗೆಮನೆಯ ಗೋಡೆಯಲ್ಲಿ, ಅವಳ ಹೆಗಲಿನ ಮಟ್ಟಕ್ಕೆ, ಕೆಂಪು ಕೆಸರಿನ ಒಂದು ಪಟ್ಟಿ ಒಣಗಿ ಕೂತಿತ್ತು. ಬಾಳಿನ ಗೋಳಿನಲ್ಲಿ ಅವಳು ಅದನ್ನು ಕಂಡೂ ಕಾಣಲಿಲ್ಲ, ವರ್ಷ ತುಂಬಿದ ಮೇಲೂ ಸುಣ್ಣ ಬಳಿಯಲಿಲ್ಲ. ಮಗಳಿಗೆ ಕೂಸಾಯಿತು. ಬಾಣಂತಿಗೆ ಒಯ್ಯಲು ಕಷಾಯ ಕಾಯಿಸುತ್ತ ಒಂದು ಬೆಳಿಗ್ಗೆ ಅವಳು ಆ ಪಟ್ಟಿಗೆ ಬೆನ್ನು ಕೊಟ್ಟು ಒರಗಿದಳು. ಎದುರಿನ ಕಿಟಕಿಯಲ್ಲಿ ಕೆಳಗೇರಿ ಕಂಡಿತು. ಮಗಳ ಮನೆಯ ಸೂರಿನ ನೆತ್ತಿ ಕಂಡಿತು. ನೆತ್ತಿ ತನ್ನ ಪಾದಕ್ಕಿಂತ ಕೆಳಗಿತ್ತು.

ಕಷಾಯ ಉಕ್ಕಿ ಒಲೆ ಆರಿತು. ಅವಳು ಕದಲಲಿಲ್ಲ.

ಆಮೇಲೆ ಅವಳು ಉಳಿದ ಅಳತೆಗಾರರ ವಿಧವೆಯರ ಮನೆಗೆ ಹೋದಳು. ಒಂದೊಂದು ನುಣ್ಣಗಿನ ಕಲ್ಲಿಗೂ ಒಬ್ಬೊಬ್ಬ ವಿಧವೆ, ಇಲ್ಲವೇ ವಿಧವೆಯ ಮಗಳು, ಮೊಮ್ಮಗಳು ಇದ್ದರು. ಕುಡುಗೋಲಿನಿಂದ ಗೋಡೆಯ ಸುಣ್ಣ ಕೆರೆದಳು. ಪದರ ಪದರವಾಗಿ ಬೆಳ್ಳಗೆ ಉದುರಿ, ಕೆಳಗೆ ಕೆಂಪು ಪಟ್ಟಿ ಸಿಕ್ಕಿತು. ಮುಂದಿನ ಮನೆಯಲ್ಲೂ ಸಿಕ್ಕಿತು. ಅದರ ಮುಂದಿನದರಲ್ಲೂ ಸಿಕ್ಕಿತು. ಯಾವ ಪಟ್ಟಿಯೂ ಸಾಲುಗಲ್ಲಿನ ಎತ್ತರದ ಗೀರಿಗಿಂತ ಕೆಳಗಿರಲಿಲ್ಲ. ಎಲ್ಲರಿಗಿಂತ ಹಿರಿಯ ವಿಧವೆ, ಹಲ್ಲಿಲ್ಲದವಳು, ಹಾಸಿಗೆಯಲ್ಲೇ ಕೂತು ನೋಡುತ್ತಿದ್ದಳು.

"ನನ್ನ ಗಂಡ ಬದುಕಿದ್ದಾಗಲೂ ಹೇಳಿದ ಹೊತ್ತಿಗೆ ಮನೆಗೆ ಬಂದೋನಲ್ಲ, ತಂಗಿ," ಎಂದಳು. "ಅದೊಂದು ದಿನ ಬರಲಿಲ್ಲ ಅಂತ ಊರವರು ಕಲ್ಲಿಗೆ ಹೂ ಹಾಕಿದರು. ಅವತ್ತು ನಮ್ಮ ಎಮ್ಮೆ ಈ ಅಟ್ಟದ ಮೇಲಿತ್ತು. ಎಮ್ಮೆ ಏಣಿ ಹತ್ತುತ್ತಾ, ನೀನೇ ಹೇಳು."

ತಾಯಿ ಮಲಗಿರಲಿಲ್ಲ. ನಾವು ಹೂ ಏರಿಸಿ ಕೈಮುಗಿದ ಕಲ್ಲುಗಳೆಲ್ಲ ಅವಳು ಅತಿ ಎತ್ತರಕ್ಕೆ ಎದ್ದು ನಿಂತ ವರ್ಷಗಳು. ಹೇಳುವವನನ್ನೇ ಕೊಂಡುಹೋಗುವಷ್ಟು ದೊಡ್ಡ ಮಾತನ್ನು ನಾವು ಮೌನವೆಂದುಕೊಂಡಿದ್ದೆವು.

ಅಳತೆಗಾರನ ಹೆಂಡತಿ ಮೊದಲು ಮಗಳ ಮನೆಗೆ ಓಡಿದಳು. ಮೇಲೆ ಬಂದುಬಿಡು ಎಂದಳು. ಅಳಿಯ ಕೆಟ್ಟವನಲ್ಲ, ಆದರೆ ಊರು ಕೊಟ್ಟ ನೆಲ ಬಿಟ್ಟುಹೋದವರ ಮನೆಗೆ ಬೆಂಕಿ ಇಡುವುದು ಊರಿನ ಪದ್ಧತಿ. ಅತ್ತೆ, ನಿಮ್ಮ ಅಡುಗೆಮನೆ ಗೋಡೆ ನಂಬಿ ನಾನು ಕೂಸನ್ನು ಬೀದಿಗೆ ಹಾಕಲಾ ಎಂದು ಕೇಳಿದ. ಮಗಳು ಕೂಸಿಗೆ ಹಾಲೂಡುತ್ತ ತಲೆ ತಗ್ಗಿಸಿದಳು. ಮಳೆ ಆಗಲೇ ಮೇಲಿನ ಸೀಮೆಯಲ್ಲಿ ಹಿಡಿದಿತ್ತು.

ಅವಳು ಹಗ್ಗದ ಯಜಮಾನನ ಜಗಲಿಗೆ ಹೋದಳು. ಕೆಳಗೇರಿಯನ್ನು ಮೇಲಕ್ಕೆ ಎಬ್ಬಿಸಿ ಎಂದು ಕೈಮುಗಿದು ಕೇಳಿದಳು. ಯಜಮಾನ ಅಡಿಕೆ ಕತ್ತರಿಸುತ್ತಿದ್ದ.

"ನೀರಲ್ಲಿ ನಿಂತಿದ್ದೆಯಾ ತಾಯಿ?"

"ಇಲ್ಲ ಯಜಮಾನರೇ. ನೀರೇ ನಮ್ಮ ಮನೆಗೆ ಬಂದು ನಿಂತಿತ್ತು."

ಜಗಲಿಯಲ್ಲಿದ್ದವರು ನಕ್ಕರು. ಗಂಡ ಹೋದ ಮೇಲೆ ಗೋಡೆಯ ಜೊತೆ ಮಾತಾಡುತ್ತಾಳೆ, ಪಾಪ, ಎಂದು ಒಬ್ಬ ಹೇಳಿದ. ಯಜಮಾನ ನಗಲಿಲ್ಲ. ಅವನ ಅಡಕತ್ತರಿ ಸುಮ್ಮನಾಯಿತು. ಮನೆಗೆ ಹೋಗು ಎಂದ, ಅಷ್ಟೆ.

ಅವಳು ಮನೆಗೆ ಹೋಗಲಿಲ್ಲ. ಕಲ್ಲುಕುಟಿಗನ ಕೊಟ್ಟಿಗೆಯಿಂದ ಉಳಿ ಸುತ್ತಿಗೆ ತೆಗೆದುಕೊಂಡು ಸಾಲುಗಲ್ಲಿಗೆ ಹೋದಳು. ವಿಧವೆಯರು ಹಿಂದೆ ಬಂದರು. ಹಲ್ಲಿಲ್ಲದವಳನ್ನು ಇಬ್ಬರು ಕಂಕುಳಲ್ಲಿ ಹಿಡಿದು ತಂದರು. ಅಳತೆಗಾರನ ಹೆಂಡತಿ ಏಣಿ ಇಟ್ಟು ಗಂಡನ ಕಲ್ಲು ಹತ್ತಿದಳು. ಕಲ್ಲಿನ ಎತ್ತರ ಸಾಲಲಿಲ್ಲ. ಅವಳು ಕಲ್ಲಿನ ನೆತ್ತಿಯ ಮೇಲೆಯೇ ಉಳಿ ಇಟ್ಟು ಹೊಡೆದಳು. ಒಂದು ಏಟು. ಇನ್ನೊಂದು ಏಟು. ಆ ಸದ್ದಿಗೆ ಊರು ಓಡಿ ಬಂತು.

ನಾನು ನೋಡಿದ್ದನ್ನು ಹೇಳುತ್ತೇನೆ, ತಾಯಿ ನನ್ನ ನಾಲಿಗೆ ಕಾಯಲಿ. ಏಣಿ ಎಳೆದರು. ಅವಳು ಬಿದ್ದಳು. ಅದೇ ಕಲ್ಲಿನ ಬುಡದಲ್ಲಿ ಅವಳ ಬಲಗೈ ಇಟ್ಟು, ಅವಳು ತಂದ ಸುತ್ತಿಗೆಯಿಂದಲೇ ಬೆರಳುಗಳನ್ನು ಜಜ್ಜಿದರು. ಹೆಬ್ಬೆರಳಿಂದ ಶುರುಮಾಡಿದರು. ವಿಧವೆಯರನ್ನು ಕೂದಲು ಹಿಡಿದು ಮೆಟ್ಟಿಲ ಮೇಲೆ ಎಳೆದರು. ಒಬ್ಬಳ ದವಡೆ ಮುರಿಯಿತು. ಹಲ್ಲಿಲ್ಲದವಳನ್ನು ಯಾರೋ ನೂಕಿದರು. ಅವಳು ಹಗುರವಾಗಿ, ಒಣಗಿದ ಬಟ್ಟೆ ಜಾರುವ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ ಹೋದಳು. ಕೆಳಗೆ ನೀರು ಅವಳನ್ನು ತೆಗೆದುಕೊಂಡಿತು. ಹೊಡೆದವರೆಲ್ಲ ನನ್ನ ಗುಡಿಗೆ ದಿನಾ ಬರುವವರು. ತಾಯಿಯ ಮಾತಿಗೆ ಕಲಬೆರಕೆ ಆಗಬಾರದು ಎನ್ನುವ ಭಕ್ತಿಯಿಂದಲೇ ಹೊಡೆದರು. ಅದು ಭಕ್ತಿಯಲ್ಲ ಎಂದು ಹೇಳುವ ಧೈರ್ಯ ಈಗಲೂ ನನಗಿಲ್ಲ. ಭಕ್ತಿಗೆ ಕೈಗಳುಂಟು, ಕಿವಿ ಇಲ್ಲದೇ ಹೋದರೆ ಹೀಗಾಗುತ್ತದೆ ಎಂದಷ್ಟೇ ಹೇಳಬಲ್ಲೆ.

ಯಜಮಾನ ತೀರ್ಪು ಕೊಟ್ಟ. ನೀರಲ್ಲಿ ನಿಲ್ಲದೆ ಗೀರು ಹಾಕಿದವಳು ಈ ವರ್ಷ ನೀರಲ್ಲಿ ನಿಲ್ಲಲಿ. ಅಳತೆ ಅವಳದೇ.

ಕೊನೆಯ ಆಸೆ ಕೇಳುವುದು ನಮ್ಮಲ್ಲಿ ಪದ್ಧತಿ. ಅವಳು ಕೈಗೆ ಸುತ್ತಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಹೇಳಿದಳು, ಹಗ್ಗ ಹಿಡಿಯುವುದು ಹಿಂದೆ ಅಳತೆಯವರ ನೆಂಟರ ಹಕ್ಕಾಗಿತ್ತು, ಯಜಮಾನರ ಆಳುಗಳದ್ದಲ್ಲ, ನನ್ನ ನೆಂಟಸ್ತನ ಕೆಳಗೇರಿಯಲ್ಲಿದೆ. "ಇಡೀ ಕೆಳಗೇರಿ ನನ್ನ ಹಗ್ಗ ಹಿಡೀಬೇಕು. ಗಂಡಸರು, ಹೆಂಗಸರು, ಮುದುಕರು, ತೊಟ್ಟಿಲ ಕೂಸು ಕೂಡ. ಒಂದು ಕೈ ಕಡಿಮೆಯಾದರೂ ನಾನು ಇಳಿಯೋದಿಲ್ಲ."

"ಸಾಯೋದಕ್ಕೂ ದಿಬ್ಬಣ ಬೇಕಾ ನಿನಗೆ?" ಎಂದ ಯಜಮಾನ. ಜನ ನಕ್ಕರು. ಆಸೆ ನಡೆಸಿಕೊಟ್ಟರು.

ಆಗ ನನಗೂ ಅದು ಬರಿಯ ಹೆದರಿದ ಹೆಂಗಸಿನ ಆಸೆ ಅನ್ನಿಸಿತ್ತು.

ನೀರು ಬೆಳಗಿನ ಪೂಜೆಯ ಹೊತ್ತಿಗೆ ಬಂತು. ಬಣ್ಣ ಮೊದಲೇ ಬದಲಾಗಿತ್ತು, ಹಕ್ಕಿಗಳು ದಡ ಬಿಟ್ಟಿದ್ದವು. ಕೆಳಗೇರಿಯವರು ಬಾಗಿಲು ಮುಂದಕ್ಕೆ ಎಳೆದುಕೊಂಡು, ಒಲೆಯ ಮೇಲೆ ಅನ್ನ ಬಿಟ್ಟು, ಬಂಡೆ ಹತ್ತಿ ಬಂದರು. ಕೆಲವರು ಗೊಣಗಿದರು, ಈ ಮುದುಕಿಯ ದೆಸೆಯಿಂದ ಎಮ್ಮೆ ಕರೆಯುವುದು ತಪ್ಪಿತು ಎಂದರು. ಯಜಮಾನನ ಮನೆಯವರು ಒಬ್ಬೊಬ್ಬರನ್ನೇ ಹಗ್ಗದ ಉದ್ದಕ್ಕೂ ನಿಲ್ಲಿಸಿದರು. ಹೆರಿಗೆಯ ದಿನ ಹತ್ತಿರವಾದವಳೂ ಬಂದಳು, ಕುರುಡನೂ ಬಂದ. ಮಗಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ನಿಂತಳು. ಅಳತೆಗಾರನ ಹೆಂಡತಿ ಮಗಳ ಹತ್ತಿರ ಬಂದು ಕೂಸಿನ ತಲೆಗೆ ಸೆರಗು ಸರಿಯಾಗಿ ಹೊದಿಸಿದಳು.

"ಏನಾದರೂ ಆಗಲಿ, ಹಗ್ಗ ಬಿಟ್ಟು ಮನೆ ಕಡೆ ಓಡಬೇಡ," ಎಂದಳು. "ಇದನ್ನ ಎಲ್ಲರಿಗೂ ಹೇಳು."

ಆಮೇಲೆ ಇಳಿದಳು.

ಎದೆಮಟ್ಟದಲ್ಲಿ ನಿಂತು "ಬಂತು" ಎಂದಳು. ಒಂದು ಮೆಟ್ಟಿಲು ಹತ್ತಿದಳು. "ಬಂತು" ಎಂದಳು. ಬುಡಮೇಲಾದ ಮರಗಳು ಬಂದವು. ಕೊಂಬು ಸಿಕ್ಕಿಕೊಂಡ ಎರಡು ಎಮ್ಮೆಗಳು ಬಂದವು. ಯಾವುದೋ ಊರಿನ ತೊಟ್ಟಿಲು ಬಂತು. "ಬಂತು" ಎಂದಳು. ಎತ್ತರದ ಗೀರು ಮುಳುಗಿತು. "ಬಂತು" ಎಂದಳು. ಸಾಲುಗಲ್ಲುಗಳು ಒಂದೊಂದಾಗಿ ತಲೆ ಮುಳುಗಿಸಿದವು, ನುಣ್ಣಗಿನವೂ ಗೀರಿನವೂ ಒಂದೇ ಆದವು. "ಬಂತು" ಎಂದಳು, "ಬಂತು, ಬಂತು" ಎಂದಳು. ಅವಳು ಹತ್ತುವುದಕ್ಕಿಂತ ಬೇಗ ತಾಯಿ ಹತ್ತುತ್ತಿದ್ದಳು. ತಿರುವಿನಿಂದ ಕೆಂಪು ಗೋಡೆಯೊಂದು ಎದ್ದು ಬಂದಿತು. ಒಂದು ಮರದ ಬೊಡ್ಡೆ ಅವಳ ಪಕ್ಕೆಗೆ ಬಡಿಯಿತು. ಆಮೇಲೆ ಕೂಗು ಕೇಳಲಿಲ್ಲ.

ಹಗ್ಗ ಬಿಗಿಯಿತು. ಮುಂದಿನ ಸಾಲಿನವರು ಮುಗ್ಗರಿಸಿ ಬಿದ್ದರು. ಅಂಗೈಯ ಚರ್ಮ ಹಗ್ಗದ ಜೊತೆ ಹೋಯಿತು. ಅದೇ ಹೊತ್ತಿಗೆ ಅವರ ಕಣ್ಣೆದುರಿಗೆ ಕೆಳಗೇರಿ ಹೋಯಿತು. ಮೊದಲು ಬಾಗಿಲುಗಳು ಒಡೆದವು, ಆಮೇಲೆ ಗೋಡೆಗಳು ಮಂಡಿಯೂರಿದವು, ಸೂರುಗಳು ತೇಲಿ ಒಂದಕ್ಕೊಂದು ಬಡಿದು ಚೂರಾದವು. ಕಟ್ಟಿಹಾಕಿದ್ದ ದನಗಳ ಕೂಗು ಒಂದೇ ಸಲ ಏರಿ ಒಂದೇ ಸಲ ನಿಂತಿತು. ಆ ಮನೆಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಎಲ್ಲರೂ ಬಂಡೆಯ ಮೇಲೆ, ಒಬ್ಬ ಹೆಂಗಸಿನ ಹಗ್ಗ ಹಿಡಿದು ನಿಂತಿದ್ದರು.

ಕೆಲವರು ಓಡಲು ನೋಡಿದರು. ಮಗಳು ಹಗ್ಗ ಬಿಡದೆ ಕೂಗಿ ಅವರನ್ನು ನಿಲ್ಲಿಸಿದಳು. ಅವಳಿಗೆ ಆಗ ಅರ್ಥವಾಗಿತ್ತು. ಒಬ್ಬೊಬ್ಬರಾಗಿ ಉಳಿದವರಿಗೂ ಅರ್ಥವಾಯಿತು. ಅತ್ತುಕೊಂಡೇ ಎಳೆದರು.

ಆಗ ಯಜಮಾನನ ಆಳು ಕುಡುಗೋಲು ಹಿಡಿದು ಬಂದ. ಯಜಮಾನ ಹಿಂದಿನಿಂದ ಹೇಳಿದ, "ಕಡಿ. ಹಿಡಿದುಕೊಂಡರೆ ಎಲ್ಲರನ್ನೂ ಎಳಕೊಂಡು ಹೋಗ್ತದೆ. ಯಾವಾಗಲೂ ಕಡಿದೇ ಇದೀವಿ."

ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೂ ಕೇಳಿಸಿತು.

ಅಲ್ಲಿ ಅಳತೆಗಾರರ ಮಕ್ಕಳಿದ್ದರು, ಮೊಮ್ಮಕ್ಕಳಿದ್ದರು. ತಾಯಿ ಕರೆದಳು ಎಂದು ಹೂ ಏರಿಸಿದವರು. ಆಳು ಕುಡುಗೋಲು ಎತ್ತಿದ. ಅಳಿಯ ಹಗ್ಗದ ಮೇಲೆ ತನ್ನ ತೋಳು ಇಟ್ಟ. ಏಟು ತೋಳಿಗೆ ಬಿತ್ತು, ಎಲುಬಿನವರೆಗೆ ಹೋಯಿತು. ಅವನು ತೋಳು ತೆಗೆಯಲಿಲ್ಲ. ಎರಡನೆಯ ಏಟು ಬೀಳುವ ಮೊದಲು ಹೆಂಗಸರು ಆಳಿನ ಮೇಲೆ ಬಿದ್ದರು. ದವಡೆ ಮುರಿದಿದ್ದ ವಿಧವೆ ಅವನ ಕತ್ತಿನ ಮೇಲೆ ಕೂತಳು. ಅವನು ಏಳಲಿಲ್ಲ. ಯಜಮಾನ ತಾನೇ ಕುಡುಗೋಲು ಎತ್ತಿಕೊಳ್ಳಲು ಬಾಗಿದ. ಸಡಿಲಾಗಿ ಮತ್ತೆ ಬಿಗಿದ ಹಗ್ಗ ಅವನ ಕಾಲಿಗೆ ಬಡಿದು ಅಂಚಿಗೆ ಎಸೆಯಿತು. ಅವನು ಬಂಡೆಯ ಅಂಚು ಹಿಡಿದು ತೂಗಾಡುತ್ತ ಎಲ್ಲರ ಮುಖ ನೋಡಿದ. ಯಾರ ಕೈಯೂ ಖಾಲಿ ಇರಲಿಲ್ಲ. ಹಗ್ಗ ಬಿಟ್ಟು ಕೈ ಕೊಡುವವರು ಯಾರೂ ಇರಲಿಲ್ಲ. ಅವನ ಬೆರಳುಗಳು ಒಂದೊಂದಾಗಿ ಬಿಟ್ಟವು. ಅವನಿಗೂ ತಾಯಿ ಮಡಿಲು ಕೊಟ್ಟಿರಲಿ.

ನಾನೂ ಆರತಿ ಕೆಳಗಿಟ್ಟು ಹಗ್ಗ ಹಿಡಿದೆ. ನೀರು ಗುಡಿಯ ಹೊಸ್ತಿಲು ದಾಟಿ ಒಳಗೆ ಬಂದು, ತಾಯಿಯ ವಿಗ್ರಹದ ಮೊಣಕಾಲು ಮುಟ್ಟಿ, ಅಲ್ಲಿ ನಿಂತಿತು. ಆಗ ಹಗ್ಗದ ತುದಿಯಲ್ಲಿ ಅಳತೆಗಾರನ ಹೆಂಡತಿ ಮೇಲೆ ಬಂದಳು. ಪಕ್ಕೆ ಒಡೆದಿತ್ತು. ಮುಖದ ಅರ್ಧ ಇರಲಿಲ್ಲ. ಹಗ್ಗ ಮಾತ್ರ ಸೊಂಟದಲ್ಲಿ ಭದ್ರವಾಗಿತ್ತು. ಮಗಳು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಕಲ್ಲುಕುಟಿಗ ಅಭ್ಯಾಸದಿಂದ ಮುಂದೆ ಬಂದ. ಹೆಣದ ಮುಂದೆ ನಿಂತು, ಏನು ಮಾಡಬೇಕೆಂದು ತಿಳಿಯದೆ, ಕೇಳುವುದನ್ನೇ ಕೇಳಿದ, "ತಾಯಿ ಎಲ್ಲಿಗೆ ಬಂದಳು?"

ಹೇಳುವ ಬಾಯಿಲ್ಲ. ಇದೂ ಮಲಗಿದ ವರ್ಷವೇ ಆಗುತ್ತಿತ್ತು.

ಮಗಳು ಎದ್ದಳು. ಅಂಗೈಯಲ್ಲಿ ಚರ್ಮವಿರಲಿಲ್ಲ. ಅವಳು ಗುಡಿಯ ಒಳಗೆ ಹೋಗಿ, ನೀರು ನಿಂತ ಕಡೆ ಗೋಡೆಗೆ ಆ ಅಂಗೈ ಒತ್ತಿದಳು. "ಇಲ್ಲಿಗೆ," ಎಂದಳು. "ನಾವು ಹಗ್ಗದಲ್ಲಿದ್ದೆವು. ನಾವು ಬದುಕಿ ಬಂದವರು, ನಾವೇ ಹೇಳ್ತಿದೀವಿ." ಅವಳ ಹಿಂದೆ ಕುರುಡ ಬಂದು ಕೈ ಒತ್ತಿದ. ತುಂಬು ಬಸುರಿ ಒತ್ತಿದಳು. ಕೆಳಗೇರಿಯೆಲ್ಲ ಬಂದು ಒತ್ತಿತು. ಗರ್ಭಗುಡಿಯ ಗೋಡೆಗೆ ಉಳಿ ತಾಗಿಸಬಾರದು ಎನ್ನುತ್ತಾರೆ. ನಾನು ಕಲ್ಲುಕುಟಿಗನಿಗೆ ಬೆಳಕು ಹಿಡಿದೆ.

ನೀರು ಇಳಿದ ದಿನ ಯಾರೂ ಸುಣ್ಣ ಬಳಿಯಲಿಲ್ಲ.

ಬಿಸಿಲು ಬಂದ ಮೇಲೆ, ಮನೆ ಕಳೆದುಕೊಂಡವರು ಗುಡಿಯ ಹಿಂದಿನ ಗುಡ್ಡಕ್ಕೆ ಹೋದರು. ಕಲ್ಲುಕುಟಿಗ ನೀರು ತುಂಬಿದ ತೊಟ್ಟಿಯಿಟ್ಟು ಮಟ್ಟ ನೋಡಿ, ಒಳಗಿನ ಗೀರಿಗೆ ಸಮವಾಗಿ ಗುಡ್ಡದ ಮೈಮೇಲೆ ಒಂದು ಗೆರೆ ಎಳೆದುಕೊಟ್ಟ. ಜನ ಆ ಗೆರೆಯ ಮೇಲೆಯೇ ಗೂಟ ಬಡಿಯಲು ಶುರುಮಾಡಿದರು. ಮಗಳು ತಡೆದಳು.

"ಇದು ಈ ಸಲ ತಾಯಿ ಬಂದ ಜಾಗ," ಎಂದಳು. "ಎಲ್ಲಿವರೆಗೂ ಬರಬಲ್ಲಳು ಅಂತ ಈ ಗೆರೆಗೆ ಗೊತ್ತಿಲ್ಲ."

ಹಾಗಾದರೆ ಎಷ್ಟು ಮೇಲೆ ಎಂದು ಕೇಳಿದರು. ಅವಳು ಗೆರೆಯ ಮೇಲೆ ಹಿಮ್ಮಡಿ ಊರಿ ನಿಂತಳು. ಗಾಯದ ಕೈಯನ್ನು ನೇರ ಮೇಲಕ್ಕೆ ಎತ್ತಿದಳು, ಮುಳುಗುವವರು ಎತ್ತುವ ಹಾಗೆ. ಅವಳ ಬೆರಳ ತುದಿಯ ಮಟ್ಟಕ್ಕೆ ಗುಡ್ಡದಲ್ಲಿ ಗೂಟ ಬಡಿದರು.

"ಇಷ್ಟು ಸಾಕಾ, ಅಕ್ಕ?" ಎಂದು ಒಬ್ಬ ಕೇಳಿದ.

"ಗೊತ್ತಿಲ್ಲ," ಎಂದಳು. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಗೂಟ ದಾಟಿ, ಇನ್ನೂ ಸ್ವಲ್ಪ ಮೇಲಕ್ಕೆ ಹತ್ತಿದಳು.